ಕೃತಕ ಕೀಲಿನ ಗುಂಡು: ಹೊಸತೆಂಬುದನ್ನು ಅಳೆಯುವುದು ಹೇಗೆ?

ಮಾನವ ಶರೀರದ ಭಾರವನ್ನು ಹೊರುವ ಕೀಲುಗಳಲ್ಲಿ ಸೊಂಟದ ಕೀಲು ಪ್ರಮುಖವಾದುದು. ತೊಡೆಯೆಲುಬಿನ ಮೇಲ್ತುದಿಯ ಗುಂಡು ಸೊಂಟದೆಲುಬಿನ ಬಟ್ಟಲಿನೊಳಗೆ ಕುಳಿತು ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗುತ್ತದೆ. ಗುಂಡಿಗೂ ಬಟ್ಟಲಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದ್ದು, ನಡುವೆ ಕೀಲುರಸವು ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯಂತೆ ಕೆಲಸ ಮಾಡುತ್ತದೆ. ನಡೆಯುವಾಗ ಈ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಸಾಮಾನ್ಯ ಚಟುವಟಿಕೆಯಿರುವ ವ್ಯಕ್ತಿಯ ಒಂದೊಂದು ಕಾಲೂ ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಇಡುತ್ತದೆ ಎಂದು ತಜ್ಞರು ಲೆಕ್ಕ ಹಾಕುತ್ತಾರೆ.

ವಯಸ್ಸು, ಸಂಧಿವಾತ, ಮೂಳೆಮುರಿತ ಅಥವಾ ರಕ್ತಸಂಚಾರದ ಕೊರತೆಯಿಂದ ಈ ಕೀಲು ಕೆಟ್ಟಾಗ ವೈದ್ಯರು ಅದರ ಸ್ಥಾನದಲ್ಲಿ ಕೃತಕ ಕೀಲನ್ನು ಜೋಡಿಸುತ್ತಾರೆ. ಆಗ ರೋಗಿಯ ಮನೆಯವರ ಕಿವಿಗೆ ಹೊಸ ಹೊಸ ಮಾತುಗಳು ಬೀಳುತ್ತವೆ: "ಇದು ಹೊಸ ಲೋಹ", "ಮೇಲ್ಮೈ ಗಟ್ಟಿಗೊಳಿಸಿದ ಗುಂಡು", "ಪೇಟೆಂಟ್ ಪಡೆದ ತಂತ್ರಜ್ಞಾನ". ಈ ಕೊನೆಯ ಮಾತಿನೊಂದಿಗೆ ಬೆಲೆಯೂ ಏರುವುದುಂಟು. ಪೇಟೆಂಟ್ ಎಂಬುದು ನಿಜಕ್ಕೂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರಿತರೆ ನಮ್ಮ ಆರೋಗ್ಯ ಮತ್ತು ಸಂಪಾದನೆ ಎರಡನ್ನೂ ಕಾಪಾಡಿಕೊಳ್ಳಬಹುದು.

ಹೊರಗೆ ಗಡಸು, ಒಳಗೆ ಜಿಗುಟು

ಕೃತಕ ಕೀಲಿನ ಗುಂಡಿಗೆ ಎರಡು ಗುಣಗಳು ಬೇಕು. ಗೀರು ಬೀಳದಂತೆ, ಸವೆಯದಂತೆ ಮೇಲ್ಮೈ ಬಹಳ ಗಡಸಾಗಿರಬೇಕು. ಬಿದ್ದಾಗ, ಎಡವಿದಾಗ ಒಡೆಯದಂತೆ ಒಳಭಾಗವು ಜಿಗುಟಾಗಿರಬೇಕು. ಈ ಎರಡು ಗುಣಗಳು ಒಂದೇ ವಸ್ತುವಿನಲ್ಲಿ ಸುಲಭವಾಗಿ ಕೂಡಿಬರುವುದಿಲ್ಲ. ಪಿಂಗಾಣಿಯ ಜಾತಿಯ ಸೆರಾಮಿಕ್ ಗುಂಡು ಗಡಸಾಗಿದ್ದರೂ ಅಪರೂಪಕ್ಕೆ ಒಡೆಯಬಹುದು. ಲೋಹದ ಗುಂಡು ಒಡೆಯದು, ಆದರೆ ಅದರ ಮೇಲೆ ಗೀರು ಬೀಳಬಹುದು. ಗೀರು ಬಿದ್ದ ಗುಂಡು ಎದುರಿನ ಪ್ಲಾಸ್ಟಿಕ್ ಬಟ್ಟಲನ್ನು ಅರದಂತೆ ಉಜ್ಜುತ್ತದೆ. ಹಾಗೆ ಉದುರಿದ ಸೂಕ್ಷ್ಮ ಕಣಗಳನ್ನು ನುಂಗಲು ದೇಹದ ರಕ್ಷಕ ಕೋಶಗಳು ಧಾವಿಸಿ ಬರುತ್ತವೆ. ಆ ಹೋರಾಟದಲ್ಲಿ ಸುತ್ತಲಿನ ಮೂಳೆಯೇ ಕರಗತೊಡಗಿ, ಕೆಲವು ವರ್ಷಗಳಲ್ಲಿ ಕೀಲು ಸಡಿಲವಾಗುತ್ತದೆ. ಆಗ ಎರಡನೆಯ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಅದು ಮೊದಲನೆಯದಕ್ಕಿಂತ ಕಠಿಣ.

ಈ ತೊಡಕಿಗೆ ಲೋಹವಿಜ್ಞಾನಿಗಳು ಕಂಡುಕೊಂಡ ದಾರಿ ನಮ್ಮ ಊರಿನ ಕಮ್ಮಾರನಿಗೆ ಅಪರಿಚಿತವಲ್ಲ. ಕುಡುಗೋಲನ್ನು ಕಾಯಿಸಿ, ಅಂಚನ್ನು ಮಾತ್ರ ನೀರಿಗದ್ದಿ ಹದ ಕೊಡುವಾಗ ಅವನು ಮಾಡುವುದೂ ಅದನ್ನೇ: ಬೇಕಾದಲ್ಲಿ ಗಡಸು, ಉಳಿದಲ್ಲಿ ಜಿಗುಟು. ಉಕ್ಕಿನ ಮೇಲ್ಮೈಗೆ ಸಾರಜನಕವನ್ನು ಹೀರಿಸಿ ಗಟ್ಟಿಗೊಳಿಸುವ ವಿಧಾನವನ್ನು ಕೈಗಾರಿಕೆಗಳು 1920ರ ದಶಕದಿಂದಲೂ ಬಲ್ಲವು. ಯಂತ್ರಗಳ ಹಲ್ಲುಚಕ್ರಗಳಿಗೆ ಅದನ್ನು ಬಳಸುತ್ತ ಬಂದಿದ್ದಾರೆ. ಟೈಟಾನಿಯಂ ಮಿಶ್ರಲೋಹವು ದೇಹಕ್ಕೆ ಒಗ್ಗುತ್ತದೆ, ಹಗುರವೂ ಹೌದು. ಆದರೆ ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಆದಕಾರಣ ಟೈಟಾನಿಯಂ ಗುಂಡಿನ ಮೇಲ್ಮೈಗೂ ಸಾರಜನಕವನ್ನು ಸೇರಿಸಿ ಗಡಸುಗೊಳಿಸುವ ಪ್ರಯತ್ನಗಳು ನಡೆದವು.

ಇನ್ನೊಂದು ದಾರಿ ಜಿರ್ಕೋನಿಯಂ ಲೋಹದ್ದು. ಅದಕ್ಕೆ ಶೇ. 2.5ರಷ್ಟು ನಿಯೋಬಿಯಂ ಬೆರೆಸಿ, ಗುಂಡಿನ ಆಕಾರ ಕೊಟ್ಟು, ಗಾಳಿಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹೊರಮೈ ತಾನೇ ಕಪ್ಪು ಸೆರಾಮಿಕ್ ಆಗಿ ಮಾರ್ಪಡುತ್ತದೆ. ಆ ಪದರದ ದಪ್ಪ ಸುಮಾರು 5 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದು ಮೇಲೆ ಬಳಿದ ಬಣ್ಣವಲ್ಲ, ಲೋಹದಿಂದಲೇ ಬೆಳೆದ ಪದರವಾದ್ದರಿಂದ ಸುಲಭವಾಗಿ ಸುಲಿದುಬರುವುದಿಲ್ಲ. ಸ್ಮಿತ್ ಅಂಡ್ ನೆಫ್ಯೂ ಸಂಸ್ಥೆಯು ಇದನ್ನು ಆಕ್ಸಿನಿಯಂ ಎಂಬ ಹೆಸರಿನಲ್ಲಿ ಮಾರುತ್ತದೆ. ಸ್ವಾರಸ್ಯವೆಂದರೆ, ಶೇ. 2.5 ನಿಯೋಬಿಯಂ ಬೆರೆತ ಜಿರ್ಕೋನಿಯಂ ಪರಮಾಣು ಸ್ಥಾವರಗಳ ಕೊಳವೆಗಳಿಗೂ ಬೇಕಾದ ಲೋಹ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾ ಸ್ಥಾವರದ ಒತ್ತಡ ಕೊಳವೆಗಳೂ ಅದರಿಂದಲೇ ಆದವು.

ಪೇಟೆಂಟ್ ಕೇಳುವ ಮೂರು ಪ್ರಶ್ನೆಗಳು

ಇಲ್ಲಿಯೇ ನ್ಯಾಯದ ಪ್ರಶ್ನೆ ಹುಟ್ಟುತ್ತದೆ. ಕಾಯಿಸಿದಾಗ ಜಿರ್ಕೋನಿಯಂ ಕಪ್ಪು ಪದರ ಕಟ್ಟುತ್ತದೆ ಎಂಬುದು ಲೋಹತಜ್ಞರಿಗೆ ಮೊದಲೇ ತಿಳಿದಿತ್ತು. ಕೃತಕ ಕೀಲಿಗೆ ಲೋಹದ ಗುಂಡು ಬೇಕೆಂಬುದೂ ತಿಳಿದಿತ್ತು. ತಿಳಿದ ಎರಡನ್ನು ಕೂಡಿಸಿದವನಿಗೆ ಸಮಾಜವು ಏಕಸ್ವಾಮ್ಯವನ್ನು ಕೊಡಬೇಕೇ?

ಪೇಟೆಂಟ್ ಎಂದರೆ ಸರ್ಕಾರವು ಆವಿಷ್ಕಾರಕನೊಡನೆ ಮಾಡಿಕೊಳ್ಳುವ ಒಪ್ಪಂದ. ಅವನು ತನ್ನ ವಿದ್ಯೆಯನ್ನು ಗುಟ್ಟಾಗಿಡದೆ ಲೋಕಕ್ಕೆ ಬಿಚ್ಚಿ ಹೇಳಬೇಕು. ಅದಕ್ಕೆ ಪ್ರತಿಯಾಗಿ, ನಮ್ಮ ದೇಶದಲ್ಲಿ ಅರ್ಜಿಯ ದಿನದಿಂದ 20 ವರ್ಷ ಅವನ ಒಪ್ಪಿಗೆಯಿಲ್ಲದೆ ಇತರರು ಅದನ್ನು ತಯಾರಿಸಿ ಮಾರುವಂತಿಲ್ಲ. ಅವಧಿ ಮುಗಿದ ಬಳಿಕ ಆ ವಿದ್ಯೆ ಎಲ್ಲರ ಸ್ವತ್ತು. ಈ ಹಕ್ಕು ದೊರೆಯಬೇಕಾದರೆ ವಸ್ತುವು ಹೊಸತಾಗಿರಬೇಕು, ಕೈಗಾರಿಕೆಯಲ್ಲಿ ಉಪಯೋಗಕ್ಕೆ ಬರುವಂತಿರಬೇಕು, ಮತ್ತು ಆ ಕ್ಷೇತ್ರದಲ್ಲಿ ನುರಿತವನಿಗೆ ಸಹಜವಾಗಿ ಹೊಳೆಯುವಂಥದ್ದು ಆಗಿರಬಾರದು. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಸುಲಭ. ಮೂರನೆಯದೇ ಕಠಿಣ, ಪೇಟೆಂಟ್ ವ್ಯಾಜ್ಯಗಳು ಬಹುಪಾಲು ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ ಗ್ರಹಾಂ ಮತ್ತು ಜಾನ್ ಡೀರ್ ಸಂಸ್ಥೆಯ ನಡುವಣ ಪ್ರಕರಣದಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. ಆ ವ್ಯಾಜ್ಯವು ನೇಗಿಲಿನ ಬಿಡಿಭಾಗಕ್ಕೆ ಸಂಬಂಧಿಸಿದ್ದು. ಹಿಂದೆ ಏನೇನು ತಿಳಿದಿತ್ತು, ಅದಕ್ಕೂ ಹೊಸ ವಸ್ತುವಿಗೂ ಏನು ವ್ಯತ್ಯಾಸ, ಆ ಕಸುಬಿನಲ್ಲಿ ಸಾಮಾನ್ಯ ನೈಪುಣ್ಯವೆಷ್ಟು ಎಂಬುದನ್ನು ಮೊದಲು ನೋಡಬೇಕು. ಬಹುಕಾಲದಿಂದ ಜನ ಅದಕ್ಕಾಗಿ ಕಾದಿದ್ದರೇ, ಇತರರು ಯತ್ನಿಸಿ ಸೋತಿದ್ದರೇ ಎಂಬುದನ್ನೂ ತೂಗಬಹುದು. 2007ರಲ್ಲಿ ವಾಹನದ ಪೆಡಲ್ ಕುರಿತ ಕೆಎಸ್ಆರ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಮಾತು ಸೇರಿಸಿತು: ತಿಳಿದ ವಸ್ತುಗಳನ್ನು ತಿಳಿದ ರೀತಿಯಲ್ಲಿ ಕೂಡಿಸಿ ನಿರೀಕ್ಷಿತ ಫಲವನ್ನಷ್ಟೇ ಪಡೆದರೆ ಅದಕ್ಕೆ ಏಕಸ್ವಾಮ್ಯ ಸಲ್ಲುವುದು ಕಷ್ಟ.

ನಮ್ಮ ದೇಶದ ತೀರ್ಪು ಇನ್ನೂ ಹತ್ತಿರದ ಉದಾಹರಣೆ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಗಳನ್ನು ಕಡೆಯುವಾಗ ಅವುಗಳನ್ನು ಯಂತ್ರದಲ್ಲಿ ಭದ್ರವಾಗಿ ಹಿಡಿದಿಡುವ ಸಾಧನವೊಂದಕ್ಕೆ ಪೇಟೆಂಟ್ ದೊರೆತಿತ್ತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತಿತು. ಕಾರ್ಖಾನೆಯಲ್ಲಿ ಯಾವ ನುರಿತ ಕುಶಲಕರ್ಮಿಯೂ ಮಾಡಬಹುದಾದ ಸುಧಾರಣೆ ಆವಿಷ್ಕಾರವೆನಿಸದು ಎಂಬುದು ಅದರ ಸಾರ. ಆ ಪೇಟೆಂಟ್ ಉಳಿಯಲಿಲ್ಲ.

ಹಿನ್ನೋಟದಲ್ಲಿ ಎಲ್ಲವೂ ಸುಲಭ

ಹಾಗೆಂದ ಮಾತ್ರಕ್ಕೆ ಕೂಡಿಸುವಿಕೆಯೆಲ್ಲವೂ ಹಗುರವಾದುದಲ್ಲ. ಇದಕ್ಕೆ ಸೊಂಟದ ಕೀಲಿನ ಚರಿತ್ರೆಯೇ ಸಾಕ್ಷಿ.

ಆಧುನಿಕ ಕೀಲು ಬದಲಾವಣೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಲೋಹದ ಚಿಕ್ಕ ಗುಂಡು, ಪ್ಲಾಸ್ಟಿಕ್ ಬಟ್ಟಲು ಎಂಬುದು ಅವರ ಕಲ್ಪನೆ. ಜಾರುವ ಗುಣಕ್ಕೆ ಹೆಸರಾದ ಟೆಫ್ಲಾನನ್ನು ಅವರು ಬಟ್ಟಲಿಗೆ ಆರಿಸಿದರು. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಆ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದು, ನೂರಾರು ರೋಗಿಗಳು ತೊಂದರೆಗೀಡಾದರು. 1962ರಲ್ಲಿ ಮಾರಾಟಗಾರನೊಬ್ಬ ನೇಯ್ಗೆ ಯಂತ್ರಗಳ ಹಲ್ಲುಚಕ್ರಕ್ಕೆ ಬಳಸುತ್ತಿದ್ದ ಗಟ್ಟಿ ಪಾಲಿಥಿನ್ ತುಂಡನ್ನು ಆಸ್ಪತ್ರೆಗೆ ತಂದ. ಚಾರ್ನ್ಲಿಯವರು ಅದಕ್ಕೆ ಉಗುರೊತ್ತಿ ನೋಡಿ ಪ್ರಯೋಜನವಿಲ್ಲವೆಂದು ಬದಿಗಿಟ್ಟರು. ಅವರ ಸಹಾಯಕ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತ ಪರೀಕ್ಷಿಸುವ ಯಂತ್ರಕ್ಕೆ ಹಾಕಿದ. ಮೂರು ವಾರ ಹಗಲಿರುಳು ಓಡಿಸಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟೂ ಸವೆದಿರಲಿಲ್ಲ. ದೇಹವು ಅದನ್ನು ಒಪ್ಪುವುದೇ ಎಂಬುದನ್ನು ತಿಳಿಯಲು ಚಾರ್ನ್ಲಿಯವರು ಎರಡೂ ವಸ್ತುಗಳನ್ನು ತಮ್ಮ ತೊಡೆಯಲ್ಲಿಯೇ ಸೇರಿಸಿಕೊಂಡು ಗಮನಿಸಿದರು. ಟೆಫ್ಲಾನ್ ಇದ್ದ ಕಡೆ ಗಂಟು ಕಟ್ಟಿತು. ಪಾಲಿಥಿನ್ ಇದ್ದ ಕಡೆ ಏನೂ ಆಗಲಿಲ್ಲ. 1962ರ ನವೆಂಬರಿನಿಂದ ರೋಗಿಗಳಿಗೆ ಆ ಬಟ್ಟಲನ್ನು ಜೋಡಿಸತೊಡಗಿದರು. ಅದರ ಸುಧಾರಿತ ರೂಪವನ್ನೇ ಜಗತ್ತು ಇಂದಿಗೂ ಬಳಸುತ್ತಿದೆ.

ಪಾಲಿಥಿನ್ ಇತ್ತು, ಕೀಲಿನ ಗುಂಡೂ ಇತ್ತು. ಆದರೆ ಎರಡನ್ನು ಕೂಡಿಸುವುದು ಆ ಕ್ಷೇತ್ರದ ಮೇರುವೈದ್ಯನಿಗೇ ಹೊಳೆಯಲಿಲ್ಲ; ಕಣ್ಣೆದುರಿಗೆ ತಂದಿಟ್ಟಾಗಲೂ ಒಪ್ಪಿಗೆಯಾಗಲಿಲ್ಲ. ಇಂದು ನೋಡುವವರಿಗೆ ಅದು ಎಷ್ಟು ಸರಳ! ಈ ಹಿನ್ನೋಟದ ಭ್ರಮೆಗೆ ಸಿಲುಕದೆ, ಅಂದಿನ ಕುಶಲಿಯ ಸ್ಥಾನದಲ್ಲಿ ನಿಂತು ನೋಡುವುದೇ ಪೇಟೆಂಟ್ ಪರೀಕ್ಷಕನ ನಿಜವಾದ ಧರ್ಮ.

ಗಡಸು ಮೇಲ್ಮೈಯ ಗುಂಡಿಗೂ ಇದೇ ತಕ್ಕಡಿ. ಹಲ್ಲುಚಕ್ರಕ್ಕೆ ಸಾರಜನಕ ಹೀರಿಸಿದಂತೆ ಕೀಲಿನ ಗುಂಡಿಗೂ ಹೀರಿಸಿದೆ ಎಂದಷ್ಟೇ ಹೇಳಿದರೆ ಎದುರಾಳಿಯು, "ಸವೆತ ತಡೆಯಲು ಲೋಹತಜ್ಞ ಮೊದಲು ಮಾಡುವುದೇ ಅದು" ಎಂದು ವಾದಿಸುತ್ತಾನೆ. "ಯಂತ್ರದ ಎಣ್ಣೆ ಬೇರೆ, ದೇಹದ ಉಪ್ಪು ದ್ರವ ಬೇರೆ, ತೆಳುಪದರ ಹರಿದರೆ ಕಣಗಳು ರೋಗಿಗೆ ಅಪಾಯ, ಆದ್ದರಿಂದ ಫಲ ಸಿಗುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ" ಎಂಬುದು ಆವಿಷ್ಕಾರಕನ ಉತ್ತರ. ಇಂತಿಷ್ಟೇ ಉಷ್ಣತೆ, ಇಂತಿಷ್ಟೇ ದಪ್ಪದಲ್ಲಿ ಮಾತ್ರ ಅನಿರೀಕ್ಷಿತ ಲಾಭವಿದೆಯೆಂದು ಅವನು ಪರೀಕ್ಷೆಯ ಮೂಲಕ ತೋರಿಸಬಲ್ಲನಾದರೆ ಅವನ ಕೈ ಮೇಲಾಗುತ್ತದೆ. ತೋರಿಸಲಾರದವನ ಹಕ್ಕು ಬೀಳುತ್ತದೆ.

ನಮ್ಮ ಪೇಟೆಂಟ್ ಕಾಯಿದೆಯು ಇಲ್ಲಿ ಪ್ರಜೆಗಳಿಗೂ ಪಾತ್ರ ಕೊಟ್ಟಿದೆ. ಅರ್ಜಿಯು ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, 25ನೆಯ ಕಲಮಿನ ಅಡಿಯಲ್ಲಿ ಯಾವ ವ್ಯಕ್ತಿಯೂ ಆಕ್ಷೇಪ ಸಲ್ಲಿಸಬಹುದು. ಕೊಟ್ಟ ಬಳಿಕವೂ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ಕರ್ನಾಟಕದ ಅರ್ಜಿಗಳನ್ನು ನೋಡಿಕೊಳ್ಳುವುದು ಚೆನ್ನೈ ಪೇಟೆಂಟ್ ಕಚೇರಿ. ಶಸ್ತ್ರಚಿಕಿತ್ಸೆಯ ವಿಧಾನಕ್ಕೆ ನಮ್ಮಲ್ಲಿ ಪೇಟೆಂಟ್ ಇಲ್ಲವೇ ಇಲ್ಲ. ವೈದ್ಯನ ಕೈಚಳಕವನ್ನು ಯಾರೂ ಸ್ವಂತವೆಂದು ಬೇಲಿ ಹಾಕುವಂತಿಲ್ಲ.

ರೋಗಿಗೆ ತಿಳಿದಿರಬೇಕಾದುದು

ಪೇಟೆಂಟ್ ಒಂದು ವಸ್ತುವನ್ನು "ಹೊಸತು, ಸಹಜವಾಗಿ ಹೊಳೆಯದಂಥದ್ದು" ಎನ್ನುತ್ತದೆಯೇ ಹೊರತು "ಸುರಕ್ಷಿತ, ಹಳೆಯದಕ್ಕಿಂತ ಮೇಲು" ಎಂದು ಹೇಳುವುದಿಲ್ಲ. ಸುರಕ್ಷತೆಯನ್ನು ನೋಡುವುದು ಬೇರೆಯೇ ವ್ಯವಸ್ಥೆ. ನಮ್ಮಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಆ ಹೊಣೆಯಿದೆ.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಡಿಪ್ಯೂ ಸಂಸ್ಥೆಯ ಎಎಸ್ಆರ್ ಸೊಂಟದ ಕೀಲು ಪಾಠವಾಗಿದೆ. ಗುಂಡು, ಬಟ್ಟಲು ಎರಡೂ ಕೋಬಾಲ್ಟ್–ಕ್ರೋಮಿಯಂ ಲೋಹದ್ದಾಗಿದ್ದ ಆ ಕೀಲು ಆಧುನಿಕವೆಂದು ಹೆಸರಾಗಿತ್ತು. ಬಳಸಿದ ಹಲವರಲ್ಲಿ ಲೋಹದ ಕಣಗಳು ಉದುರಿ ಸುತ್ತಲಿನ ಅಂಗಾಂಶ ಕೆಟ್ಟಿತು, ರಕ್ತದಲ್ಲಿ ಲೋಹದ ಅಂಶ ಏರಿತು. 2010ರ ಆಗಸ್ಟ್‌ನಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಭಾರತದಲ್ಲಿಯೂ ಸಾವಿರಾರು ಜನರಿಗೆ ಅದನ್ನು ಜೋಡಿಸಲಾಗಿತ್ತು. ದೋಷವನ್ನು ಮೊದಲು ಎತ್ತಿ ತೋರಿಸಿದವುಗಳಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಲು ದಾಖಲಾತಿಯೂ ಒಂದು. ಜೋಡಿಸಿದ ಕೀಲುಗಳನ್ನು ವರ್ಷಾನುಗಟ್ಟಲೆ ಲೆಕ್ಕವಿಟ್ಟು ನೋಡಿದ್ದರಿಂದ ಸತ್ಯ ಹೊರಬಂತು.

ಬೆಲೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮೊಣಕಾಲಿನ ಕೃತಕ ಕೀಲಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಬೆಲೆಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್–ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ, ಟೈಟಾನಿಯಂ ಹಾಗೂ ಆಕ್ಸಿಡೀಕೃತ ಜಿರ್ಕೋನಿಯಂನಂಥ ವಿಶೇಷ ಲೋಹದ್ದಕ್ಕೆ 76,600 ರೂಪಾಯಿ ಎಂದು ಅಂದು ಗೊತ್ತುಪಡಿಸಲಾಯಿತು. ಮಿತಿಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಸದ್ಯದ ದರವನ್ನು ವಿಚಾರಿಸಿಯೇ ಮುಂದುವರಿಯಬೇಕು.

ಕೀಲು ಬದಲಾವಣೆಗೆ ಸಿದ್ಧರಾಗುವ ಬಂಧುಗಳು ವೈದ್ಯರಲ್ಲಿ ವಿನಯದಿಂದ, ಆದರೆ ಅಳುಕದೆ ಕೆಲವು ಮಾತುಗಳನ್ನು ಕೇಳಬೇಕು. ಗುಂಡು ಯಾವ ವಸ್ತುವಿನದು, ಬಟ್ಟಲು ಯಾವುದು? ಈ ಮಾದರಿಯನ್ನು ಎಷ್ಟು ವರ್ಷಗಳಿಂದ ಬಳಸುತ್ತಿದ್ದಾರೆ? ಹತ್ತು ವರ್ಷಗಳ ಬಳಿಕ ನೂರರಲ್ಲಿ ಎಷ್ಟು ಕೀಲುಗಳು ಉಳಿದಿವೆ ಎಂಬುದಕ್ಕೆ ದಾಖಲೆಯಿದೆಯೇ? ನನ್ನ ವಯಸ್ಸಿಗೆ, ನನ್ನ ಕೆಲಸಕ್ಕೆ ದುಬಾರಿ ಲೋಹದಿಂದ ನಿಜವಾದ ಲಾಭವಿದೆಯೇ? ಕೋಬಾಲ್ಟ್, ನಿಕ್ಕಲ್ ಮುಂತಾದ ಲೋಹ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ಬಳಿಕ ಕೀಲಿನ ತಯಾರಕರ ಹೆಸರು, ಮಾದರಿ, ತಂಡದ ಸಂಖ್ಯೆಯಿರುವ ಚೀಟಿಯನ್ನು ಕೇಳಿ ಪಡೆದು ಮನೆಯ ಮುಖ್ಯ ಕಾಗದಗಳೊಂದಿಗೆ ಜೋಪಾನವಾಗಿಡಬೇಕು. ಮುಂದೆ ಯಾವುದೇ ಮಾದರಿಯನ್ನು ಹಿಂಪಡೆದರೆ ಆ ಚಿಕ್ಕ ಚೀಟಿಯೇ ರಕ್ಷಣೆ. ವರ್ಷಗಳ ನಂತರ ತೊಡೆಸಂದಿಯಲ್ಲಿ ಹೊಸ ನೋವು, ಊತ ಅಥವಾ ಕುಂಟು ಕಾಣಿಸಿಕೊಂಡರೆ ವಯಸ್ಸಿನ ನೋವೆಂದು ಸುಮ್ಮನಿರದೆ ತಪಾಸಣೆ ಮಾಡಿಸಿಕೊಳ್ಳಬೇಕು.

ನಿಜವಾದ ಆವಿಷ್ಕಾರಕ್ಕೆ ಮನ್ನಣೆ ಸಲ್ಲಲಿ; ಅದರ ಬಲದಿಂದಲೇ ಅದೆಷ್ಟೋ ಹಿರಿಯರು ಊರುಗೋಲು ಬಿಟ್ಟು ನಡೆಯುತ್ತಿದ್ದಾರೆ. ಆದರೆ ಹಳೆಯದಕ್ಕೆ ಹೊಸ ಹೆಸರಿಟ್ಟು ಬೆಲೆ ಏರಿಸುವವರಿಗೆ ಅದೇ ಮನ್ನಣೆ ಸಿಕ್ಕರೆ ಅದರ ಭಾರ ಬೀಳುವುದು ನೋವಿನಲ್ಲಿರುವ ರೋಗಿಯ ಮೇಲೆ. ನಮ್ಮ ಕಾಲಿನ ಭಾರವನ್ನು ಹೊರುವ ವಸ್ತುವನ್ನು ಆರಿಸುವಾಗ ಹೆಸರಿಗಿಂತ ಅದರ ಬಾಳಿಕೆಯ ದಾಖಲೆಯನ್ನು ನಂಬುವುದೇ ಕ್ಷೇಮ.