ರವಿವಾರದ ಮೊದಲ ಬಸ್ಸು

ಗೋಕಾಕ: ರವಿವಾರ ಬೆಳಿಗ್ಗೆ, ಕರದಂಟಿನ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ, ಬಸ್ ಸ್ಟ್ಯಾಂಡಿನಲ್ಲಿ ಇಂಥ ಎಳೆ ದಂಪತಿಯನ್ನು ನೀವೂ ನೋಡಿರಬಹುದು. ಚೀಲದಲ್ಲಿ ಬೈಬಲ್, ಅದರ ಪಕ್ಕ ಟಿ.ಇ.ಟಿ. ಗೈಡು. ಬೆಳಿಗ್ಗೆ ಮೂಡಲಗಿ ಕಡೆ ಆರಾಧನೆ, ಸಂಜೆ ಹುಕ್ಕೇರಿ ಕಡೆ ಪ್ರಾರ್ಥನೆ. ಸೋಮವಾರ ಮತ್ತೆ ನೌಕರಿ.

1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದಾಗ ಅವರ ಖರ್ಚು ನೋಡಿಕೊಳ್ಳಲು ಮಿಷನ್ ಇತ್ತು. ಈಗ ಹಳ್ಳಿಯ ಸಣ್ಣ ಸಭೆಯ ಪಾಸ್ಟರಿಗೆ ಕಾಣಿಕೆ ತಟ್ಟೆಯೇ ಗತಿ. ಅದು ಎಷ್ಟೋ ಸಲ ಬಸ್ ಚಾರ್ಜಿಗೂ ಸಾಲದು. ದುಡಿಯಲೇಬೇಕು. ಗಂಡನ ಓದಿಗೇನೋ ದಾರಿಯಿದೆ: ಬೆಂಗಳೂರಿನ ಟಾಫ್ಟೀ ಸಂಸ್ಥೆ 1971ರಲ್ಲಿ ಹುಟ್ಟಿದ್ದೇ ಕೆಲಸ ಬಿಡದೆ ದೇವಶಾಸ್ತ್ರ ಕಲಿಯುವವರಿಗಾಗಿ.

ಪೇಚು ಹೆಂಡತಿಯದು. ಪ್ರೈಮರಿ ಶಾಲೆಯ ಟೀಚರ್ ಆಗಬೇಕೆಂದರೆ ಟಿ.ಇ.ಟಿ. ಪಾಸಾಗಬೇಕು. ಆ ಪರೀಕ್ಷೆ ನಡೆದದ್ದು 2022ರ ನವೆಂಬರ್ 6, 2023ರ ಸೆಪ್ಟೆಂಬರ್ 3, 2024ರ ಜೂನ್ 30ಕ್ಕೆ. ಕ್ಯಾಲೆಂಡರ್ ತೆಗೆದು ನೋಡ್ರಿ, ಮೂರೂ ರವಿವಾರ! ಹಾಡು ಹೇಳಿಕೊಡುವವಳು ಅವಳು, ಸಂಡೇ ಸ್ಕೂಲಿನ ಮಕ್ಕಳನ್ನು ಹಿಡಿದು ಕೂರಿಸುವವಳೂ ಅವಳೇ. "ಅಕ್ಕಾರ, ಈ ವಾರ ಬರೂದಿಲ್ಲೇನ್ರಿ?" ಎಂದು ಸಭೆಯವರು ಕೇಳಿದರೆ ಏನು ಹೇಳಬೇಕು? ಅಷ್ಟು ಕೆಲಸಕ್ಕೆ ಆಕೆಗೊಂದು ಸಂಬಳ ಗೊತ್ತುಮಾಡುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮನ್ನು ಕೇಳಿದರೆ, ಅದೊಂದು ರವಿವಾರ ಮಕ್ಕಳನ್ನು ಪಾಸ್ಟರೇ ನೋಡಿಕೊಳ್ಳಲಿ. ಹಾಡು ಸ್ವಲ್ಪ ಅಪಸ್ವರವಾದರೂ ದೇವರು ಸಿಟ್ಟಾಗಲಿಕ್ಕಿಲ್ಲ. ಪ್ರೈಮರಿಯವರ ಪೇಪರು 9.30ಕ್ಕೆ ಶುರು, ಮೊದಲ ಬಸ್ಸು ತಪ್ಪಿದರೆ ಆಕೆಯ ಒಂದು ವರ್ಷವೇ ಹೋಯಿತು.