ಸದನ ಸೇರುವ ಮೊದಲೇ ಸರ್ಕಾರ ಏಕೆ?

ಪುಣೆ–ನಾಸಿಕ್ ಹೆದ್ದಾರಿಯ ಮೇಲಿರುವ ಚಾಕಣದ ಕೈಗಾರಿಕಾ ವಸಾಹತಿನಲ್ಲಿ ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ದುಡಿಯಲು ಹೋದ ಕನ್ನಡಿಗರಿದ್ದಾರೆ. ಕೆಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ, ಕೆಲವರದು ಅಲ್ಲಿನ ಖೇಡ್-ಆಳಂದಿ ಕ್ಷೇತ್ರಕ್ಕೆ ಸೇರಿದೆ. 2018ರ ಮೇ ತಿಂಗಳಿಂದ 2019ರ ನವೆಂಬರ್‌ವರೆಗೆ, ಸುಮಾರು ಒಂದೂವರೆ ವರ್ಷದಲ್ಲಿ, ಈ ಎರಡೂ ಬಗೆಯ ಮತದಾರರು ಒಂದೇ ರೀತಿಯ ಪ್ರಸಂಗಕ್ಕೆ ಸಾಕ್ಷಿಯಾದರು. ಯಾವ ಒಂದು ಪಕ್ಷಕ್ಕೂ ಬಹುಮತ ಬರಲಿಲ್ಲ. ಒಬ್ಬರು ರಾಜಭವನದಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. ಸುಪ್ರೀಂ ಕೋರ್ಟ್ ಬಹುಮತ ಸಾಬೀತುಪಡಿಸಲು ಗಡುವು ವಿಧಿಸಿತು. ಮತಕ್ಕೆ ಹಾಕುವ ಮೊದಲೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಬೆಂಗಳೂರಿನಲ್ಲಿ ಬಿ. ಎಸ್. ಯಡಿಯೂರಪ್ಪ, ಮುಂಬೈಯಲ್ಲಿ ದೇವೇಂದ್ರ ಫಡಣವೀಸ್. ರಾಜ್ಯಪಾಲರು ಬೇರೆ, ಪಕ್ಷಗಳ ಲೆಕ್ಕಾಚಾರ ಬೇರೆ, ಆದರೂ ಫಲಿತಾಂಶ ಒಂದೇ ಆಯಿತೆಂದರೆ ದೋಷ ವ್ಯಕ್ತಿಗಳಲ್ಲಿ ಮಾತ್ರ ಇಲ್ಲ, ನಾವು ಪಾಲಿಸಿಕೊಂಡು ಬಂದ ಕ್ರಮದಲ್ಲೇ ಇದೆ. ಶಾಸಕರು ಸದನ ಸೇರುವ ಮೊದಲೇ ಮುಖ್ಯಮಂತ್ರಿಯನ್ನು ನೇಮಿಸಿ, ಬಹುಮತವಿದೆಯೇ ಎಂದು ಆಮೇಲೆ ಪರೀಕ್ಷಿಸುವ ಈ ಕ್ರಮ ತಿರುಗಬೇಕು. ಅತಂತ್ರ ವಿಧಾನಸಭೆ ಮೊದಲು ಕೂಡಬೇಕು, ತನ್ನ ನಾಯಕನನ್ನು ತಾನೇ ಆರಿಸಬೇಕು, ರಾಜ್ಯಪಾಲರು ಅವರನ್ನು ನೇಮಿಸಬೇಕು.

ಸಂವಿಧಾನ ಈ ವಿಷಯದಲ್ಲಿ ಆಡಿರುವ ಮಾತು ಬಹಳ ಕಡಿಮೆ. 164ನೇ ವಿಧಿಯ ಪ್ರಕಾರ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಯಾರನ್ನು ಮೊದಲು ಕರೆಯಬೇಕು ಎಂಬುದು ಅಲ್ಲಿಲ್ಲ. 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಒಂದು ಸರದಿ ಸೂಚಿಸಿತು: ಚುನಾವಣಾಪೂರ್ವ ಮೈತ್ರಿಕೂಟ ಮೊದಲು, ಆಮೇಲೆ ಇತರರ ಬೆಂಬಲವಿರುವ ಅತಿದೊಡ್ಡ ಪಕ್ಷ, ಕೊನೆಗೆ ಚುನಾವಣೋತ್ತರ ಮೈತ್ರಿಕೂಟಗಳು. ಇದು ಸಲಹೆಯಷ್ಟೇ, ಕಟ್ಟುಪಾಡಲ್ಲ. ಹಾಗಾಗಿ 2017ರಲ್ಲಿ ಗೋವಾದ 40 ಸ್ಥಾನಗಳಲ್ಲಿ 17 ಗೆದ್ದ ಕಾಂಗ್ರೆಸ್ಸನ್ನು ಬಿಟ್ಟು 13 ಗೆದ್ದ ಬಿಜೆಪಿಯ ಮನೋಹರ ಪರ್ರೀಕರ್ ಅವರನ್ನು, ಮಿತ್ರಪಕ್ಷಗಳ ಬೆಂಬಲ ಇದೆಯೆಂಬ ಕಾರಣಕ್ಕೆ, ರಾಜ್ಯಪಾಲರು ಕರೆದರು. ಮರುವರ್ಷ ಕರ್ನಾಟಕದಲ್ಲಿ 78 ಸ್ಥಾನದ ಕಾಂಗ್ರೆಸ್ಸೂ 37 ಸ್ಥಾನದ ಜೆಡಿಎಸ್ಸೂ ಒಂದಾಗಿ ಹಕ್ಕು ಮಂಡಿಸಿದ್ದರೂ, 104 ಸ್ಥಾನ ಗೆದ್ದ ಅತಿದೊಡ್ಡ ಪಕ್ಷವೆಂದು ಬಿಜೆಪಿಗೆ ಕರೆ ಹೋಯಿತು. ಎರಡು ನಿರ್ಧಾರಗಳನ್ನೂ ಒಂದೊಂದಾಗಿ ಸಮರ್ಥಿಸಬಹುದು. ಎರಡನ್ನೂ ಒಟ್ಟಿಗೆ ಸಮರ್ಥಿಸುವ ತತ್ತ್ವ ಮಾತ್ರ ಸಿಗುವುದಿಲ್ಲ.

ರಾಜ್ಯಪಾಲರು ಏನನ್ನು ನಂಬಿ ತೀರ್ಮಾನಿಸುತ್ತಾರೆ? ಕಾಗದದ ಮೇಲಿನ ಸಹಿಗಳನ್ನು. ಈ ಸಹಿಗಳ ಚರಿತ್ರೆ ನಮ್ಮ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಅವರಿಗೆ ಕೊಟ್ಟ ಬೆಂಬಲ ಹಿಂಪಡೆದಿದ್ದೇವೆ ಎಂಬ 19 ಶಾಸಕರ ಪತ್ರಗಳನ್ನು ಆಧರಿಸಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ರಾಷ್ಟ್ರಪತಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆಯಲಾಗಿದೆ ಎಂದು ತಿರುಗಿ ಬರೆದರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಸಾಬೀತಾಗಬೇಕಾದ ಜಾಗ ಸದನವೇ ಎಂದು ಸಾರಿತು. ಮೂವತ್ತು ವರ್ಷಗಳ ಅಂತರದಲ್ಲಿ ಮುಂಬೈಯಲ್ಲಿ ಮತ್ತದೇ ಆಯಿತು. 2019ರ ನವೆಂಬರ್ 23ರ ನಸುಕಿನಲ್ಲಿ ರಾಷ್ಟ್ರಪತಿ ಆಳ್ವಿಕೆ ತೆರವಾಗಿ, ಬೆಳಿಗ್ಗೆ ಎಂಟರ ಹೊತ್ತಿಗೆ ಫಡಣವೀಸ್ ಮತ್ತು ಎನ್‌ಸಿಪಿಯ ಅಜಿತ್ ಪವಾರ್ ಪ್ರಮಾಣ ವಚನ ಸ್ವೀಕರಿಸಿದಾಗ ಆಧಾರವಾಗಿದ್ದುದು ಎನ್‌ಸಿಪಿಯ 54 ಶಾಸಕರ ಸಹಿಗಳಿದ್ದ ಪತ್ರ. ಆ ಸಹಿಗಳನ್ನು ಬಿಜೆಪಿಗೆ ಬೆಂಬಲ ಸೂಚಿಸಲು ಹಾಕಿದ್ದಲ್ಲ ಎಂದು ಪಕ್ಷ ವಾದಿಸಿತು. ಚಾಕಣ ಇರುವ ಖೇಡ್-ಆಳಂದಿ ಕ್ಷೇತ್ರದ ಆಗಿನ ಶಾಸಕ ದಿಲೀಪ್ ಮೋಹಿತೆ ಪಾಟೀಲರೂ ಎನ್‌ಸಿಪಿಯವರೇ. ತಾವು ಆರಿಸಿ ಕಳಿಸಿದವರ ಮತ ಯಾವ ಸರ್ಕಾರದ ಲೆಕ್ಕದಲ್ಲಿದೆ ಎಂಬುದು ಆ ಬೆಳಿಗ್ಗೆ ಅಲ್ಲಿನ ಮತದಾರರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಸದನದಲ್ಲಿ ಎಲ್ಲರೆದುರು ಎದ್ದು ನಿಂತ ಶಾಸಕನ ಬಗ್ಗೆ ಅಂಥ ಅನುಮಾನ ಹುಟ್ಟುವುದಿಲ್ಲ.

ಮಹಾರಾಷ್ಟ್ರದ ಆ ಒಂದು ತಿಂಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಫಲಿತಾಂಶ ಬಂದದ್ದು ಅಕ್ಟೋಬರ್ 24ಕ್ಕೆ. 288 ಸ್ಥಾನಗಳಲ್ಲಿ ಬಿಜೆಪಿ 105, ಶಿವಸೇನೆ 56, ಎನ್‌ಸಿಪಿ 54, ಕಾಂಗ್ರೆಸ್ 44, ಬೇಕಿದ್ದುದು 145. ಒಟ್ಟಿಗೆ ಮತ ಕೇಳಿದ್ದ ಬಿಜೆಪಿ–ಸೇನೆ ಮುಖ್ಯಮಂತ್ರಿ ಸ್ಥಾನಕ್ಕಾಗಿ ಬೇರೆಯಾದವು. ರಾಜ್ಯಪಾಲ ಭಗತ್ ಸಿಂಗ್ ಕೋಶ್ಯಾರಿ ಮೊದಲು ಬಿಜೆಪಿಯನ್ನು ಕೇಳಿದರು, ಅದು ಒಲ್ಲೆನೆಂದಿತು. ಶಿವಸೇನೆ ಬೆಂಬಲ ಪತ್ರಕ್ಕೆ ಮೂರು ದಿನ ಬೇಡಿತು, ಅವರು ಕೊಡಲಿಲ್ಲ. ಎನ್‌ಸಿಪಿಗೆ ನವೆಂಬರ್ 12ರ ರಾತ್ರಿ ಎಂಟೂವರೆಯವರೆಗೆ ಗಡುವಿತ್ತು. ಅದು ಮುಗಿಯುವ ಮೊದಲೇ ರಾಷ್ಟ್ರಪತಿ ಆಳ್ವಿಕೆ ಬಂತು. ಇಷ್ಟೆಲ್ಲ ನಡೆಯುವಾಗ ಗೆದ್ದ 288 ಮಂದಿ ಶಾಸಕರಾಗಿ ಪ್ರಮಾಣ ವಚನವನ್ನೇ ಸ್ವೀಕರಿಸಿರಲಿಲ್ಲ. ಮರುದಿನವೇ ಬಹಿರಂಗ ಮತದಾನದ ಮೂಲಕ ಬಹುಮತ ಪರೀಕ್ಷೆಯಾಗಬೇಕು, ಅದು ನೇರ ಪ್ರಸಾರವಾಗಬೇಕು ಎಂದು ನವೆಂಬರ್ 26ರಂದು ಕೋರ್ಟ್ ಆದೇಶಿಸಿದ ಮೇಲೆಯೇ, 27ರಂದು, ಅವರು ಸದನದೊಳಗೆ ಕಾಲಿಟ್ಟದ್ದು. ಆ ವೇಳೆಗೆ ಒಬ್ಬ ಮುಖ್ಯಮಂತ್ರಿ ಬಂದು ಹೋಗಿಯಾಗಿತ್ತು. 28ರಂದು ಉದ್ಧವ್ ಠಾಕ್ರೆ ಅಧಿಕಾರ ವಹಿಸಿಕೊಂಡರು. 30ರಂದು ಸದನದಲ್ಲಿ 169 ಮತ ಪಡೆದರು. ಒಂದು ತಿಂಗಳಲ್ಲಿ ಇತ್ಯರ್ಥವಾಗದ ಪ್ರಶ್ನೆಗೆ ಸದನ ಒಂದೇ ದಿನದಲ್ಲಿ ಉತ್ತರ ಕೊಟ್ಟಿತು. ಕರ್ನಾಟಕದಲ್ಲೂ ಇದೇ ಕಥೆ. ರಾಜ್ಯಪಾಲ ವಜುಭಾಯಿ ವಾಲಾ ಬಹುಮತ ತೋರಿಸಲು ಕೊಟ್ಟಿದ್ದ 15 ದಿನಗಳನ್ನು ಕೋರ್ಟ್ ಮೊಟಕುಗೊಳಿಸಿ ಮೇ 19ರ ಸಂಜೆ ನಾಲ್ಕಕ್ಕೆ ತಂದು ನಿಲ್ಲಿಸಿತು. ರೆಸಾರ್ಟು, ಬಸ್ಸು, ಆಮಿಷದ ಆರೋಪಗಳೆಲ್ಲ ಬೆಳೆಯುವುದು ಆಹ್ವಾನಕ್ಕೂ ಪರೀಕ್ಷೆಗೂ ನಡುವಿನ ಇಂಥ ಬಿಡುವಿನಲ್ಲೇ.

ಅತಿದೊಡ್ಡ ಪಕ್ಷವನ್ನು ಮೊದಲು ಕರೆಯುವುದೇ ಜನಾದೇಶಕ್ಕೆ ಕೊಡುವ ಗೌರವ ಎಂಬ ವಾದವಿದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. 1983ರಲ್ಲಿ 95 ಸ್ಥಾನ ಗೆದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಹೊರಗಿನ ಬೆಂಬಲದಿಂದಲೇ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ನಡೆಸಿದರು. ಆದರೆ ಅವರನ್ನು ಉಳಿಸಿದ್ದು ಸದನದಲ್ಲಿ ಸಿಕ್ಕ ಬೆಂಬಲವೇ ಹೊರತು ದೊಡ್ಡ ಪಕ್ಷವೆಂಬ ಪಟ್ಟವಲ್ಲ. 1996ರಲ್ಲಿ ಲೋಕಸಭೆಯ ಅತಿದೊಡ್ಡ ಪಕ್ಷದ ನಾಯಕ ಅಟಲ್ ಬಿಹಾರಿ ವಾಜಪೇಯಿ ಬೆಂಬಲ ಕೂಡಿಬರದೆ 13 ದಿನಕ್ಕೇ ಇಳಿದರು. ಜೂನ್ 1ರಂದು ಎಚ್. ಡಿ. ದೇವೇಗೌಡರು ಪ್ರಧಾನಿಯಾದರು. ಅತಿದೊಡ್ಡ ಪಕ್ಷಕ್ಕೆ ನಿಜಕ್ಕೂ ಬೆಂಬಲವಿದ್ದರೆ ಸದನದ ಆಯ್ಕೆಯಲ್ಲೂ ಅದೇ ಗೆಲ್ಲುತ್ತದೆ, ಅದಕ್ಕೆ ನಷ್ಟವೇನೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಬ್ಬರ ವಿರುದ್ಧ ಮತ ಕೇಳಿ ಗೆದ್ದು ಆಮೇಲೆ ಅವರ ಜೊತೆಗೇ ಸರ್ಕಾರ ಮಾಡುವುದು ಮತದಾರನಿಗೆ ಬಗೆದ ದ್ರೋಹವಲ್ಲವೇ, ಸದನದ ಆಯ್ಕೆ ಅದಕ್ಕೆ ಮುದ್ರೆಯೊತ್ತಿದಂತಾಗದೇ? ಆ ನೋವು ನಿಜ. ಆದರೆ ಈಗಿನ ಕ್ರಮವೂ ಅದನ್ನು ತಡೆದಿಲ್ಲ. ರಾಜಭವನದ ಮುಂಜಾವಿನ ಸರ್ಕಾರವೂ ಚುನಾವಣೆಯಲ್ಲಿ ಎದುರಾಳಿಗಳಾಗಿದ್ದವರದೇ, ಅದನ್ನು ಕೆಡವಿ ಬಂದದ್ದೂ ಹಾಗೆಯೇ. ಮೈತ್ರಿ ಸರಿಯೋ ತಪ್ಪೋ ಎಂಬ ತೀರ್ಪು ಮುಂದಿನ ಚುನಾವಣೆಯಲ್ಲಿ ಮತದಾರನದು. ಯಾರು ಯಾರಿಗೆ ಕೈ ಎತ್ತಿದರು ಎಂಬುದು ದಾಖಲಾಗಿದ್ದರೆ ಆ ತೀರ್ಪು ಕೊಡುವುದು ಸುಲಭ. ಸದನದಲ್ಲಿ ಆಯ್ಕೆಯಾದ ಸರ್ಕಾರ ಬಾಳುತ್ತದೆಂಬ ಖಾತರಿಯೂ ಇಲ್ಲ ಎನ್ನುವವರಿಗೆ ಎಚ್. ಡಿ. ಕುಮಾರಸ್ವಾಮಿ ಅವರ ಉದಾಹರಣೆ ಕಣ್ಣೆದುರಿಗಿದೆ. ಸದನದ ವಿಶ್ವಾಸ ಪಡೆದು ಆರಂಭವಾದ ಅವರ ಸರ್ಕಾರ 2019ರ ಜುಲೈ 23ರಂದು 99–105ರಿಂದ ಬಿತ್ತು. ಇಲ್ಲಿ ಜರ್ಮನಿಯಿಂದ ಕಲಿಯಬಹುದು. ಅಲ್ಲಿ ಚಾನ್ಸೆಲರ್ ಸಂಸತ್ತಿನ ಮತದಿಂದಲೇ ಆಯ್ಕೆಯಾಗಬೇಕು, ಅವಿಶ್ವಾಸದಿಂದ ಇಳಿಸಬೇಕಾದರೆ ಅದೇ ಮತದಲ್ಲಿ ಬದಲಿ ನಾಯಕನನ್ನೂ ಆರಿಸಬೇಕು. ಕೆಡವುವವರ ಮೇಲೆ ಕಟ್ಟುವ ಹೊಣೆಯೂ ಬೀಳುತ್ತದೆ.

ಇದನ್ನು ಪರದೇಶದ ಪದ್ಧತಿ ಎನ್ನಬೇಕಾಗಿಲ್ಲ. ಪುಣೆಯಲ್ಲಾಗಲಿ ಹುಬ್ಬಳ್ಳಿ-ಧಾರವಾಡದಲ್ಲಾಗಲಿ ಮಹಾನಗರ ಪಾಲಿಕೆ ಅತಂತ್ರವಾದರೆ ಯಾರನ್ನು ಕರೆಯಲಿ ಎಂದು ಯಾವ ಅಧಿಕಾರಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸಭೆ ಕೂಡುತ್ತದೆ, ನಾಮಪತ್ರ ಸಲ್ಲಿಕೆಯಾಗುತ್ತದೆ, ಸದಸ್ಯರು ಕೈ ಎತ್ತುತ್ತಾರೆ, ಮೇಯರ್ ಆಯ್ಕೆಯಾಗುತ್ತದೆ. ವಿಧಾನಸಭೆಯೂ ತನ್ನ ಸ್ಪೀಕರನ್ನು ಹೀಗೆಯೇ ಆರಿಸಿಕೊಳ್ಳುತ್ತದೆ. ಬೆಂಗಳೂರಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಇದನ್ನೇ ಶಿಫಾರಸು ಮಾಡಿತ್ತು: ಬಹುಮತ ಯಾರಿಗೂ ಇಲ್ಲದಾಗ ಸ್ಪೀಕರ್ ಆಯ್ಕೆಯ ಜೊತೆಗೆ, ಅದೇ ರೀತಿಯಲ್ಲಿ, ಸದನ ತನ್ನ ನಾಯಕನನ್ನು ಆರಿಸಲಿ, ಅವರೇ ಪ್ರಧಾನಿಯಾಗಲಿ, ರಾಜ್ಯದಲ್ಲಿ ಮುಖ್ಯಮಂತ್ರಿಯಾಗಲಿ. ಇದಕ್ಕೆ ಸದನದ ನಡಾವಳಿ ನಿಯಮಗಳಲ್ಲೇ ಅವಕಾಶ ಮಾಡಬಹುದು ಎಂಬುದು ಆಯೋಗದ ನಿಲುವು. ಆ ನಿಯಮಗಳನ್ನು ರೂಪಿಸಿಕೊಳ್ಳುವ ಅಧಿಕಾರವನ್ನು ಸಂವಿಧಾನದ 208ನೇ ವಿಧಿ ಶಾಸನಸಭೆಗೇ ಕೊಟ್ಟಿದೆ. ಸ್ಪಷ್ಟ ಬಹುಮತವಿರುವ ವಿಧಾನಸಭೆಯೇ ಈ ಕೆಲಸಕ್ಕೆ ಸರಿಯಾದದ್ದು, ಏಕೆಂದರೆ ಆಗ ಯಾವ ಪಕ್ಷದ ಕುರ್ಚಿಯೂ ಅದರ ಮೇಲೆ ನಿಂತಿರುವುದಿಲ್ಲ. ಮುಂದಿನ ಸಲ ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಅತಂತ್ರ ಫಲಿತಾಂಶ ಬಂದರೆ ಈ ನಿಯಮಕ್ಕೆ ನೀವು ಒಪ್ಪುತ್ತೀರಾ ಎಂದು ಓದುಗರು ಈಗಲೇ ಕೇಳಿ ಉತ್ತರ ಪಡೆಯಬೇಕು.