ಎದೆಯೊಳಗಿನ ಸುಣ್ಣದ ಕಣಗಳು

ಸುಣ್ಣ ನಮ್ಮ ಗೃಹಜೀವನದ ಹಳೆಯ ಒಡನಾಡಿ. ಗೋಡೆಗೆ ಬಳಿಯುವುದು ಅದೇ, ವೀಳ್ಯದೆಲೆಗೆ ಸವರುವುದೂ ಅದೇ. ಅದರ ಸಂಬಂಧಿಯಾದ ಕ್ಯಾಲ್ಸಿಯಂ ಲವಣವು ಸ್ತನದೊಳಗೂ ಕಣಗಳಾಗಿ ನೆಲೆಸಬಲ್ಲುದೆಂಬ ಸಂಗತಿ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ತಿಳಿಯುವುದು ಮ್ಯಾಮೊಗ್ರಾಮ್ ವರದಿ ಕೈಗೆ ಬಂದಾಗಲೇ. ಅದರಲ್ಲಿ ‘ಕ್ಯಾಲ್ಸಿಫಿಕೇಶನ್’ ಎಂಬ ಪದವನ್ನು ಕಂಡೊಡನೆ ಕೆಲವರು ಯಮನ ಓಲೆಯೇ ಬಂತೆಂದು ಬೆದರುತ್ತಾರೆ. ಕೆಲವರು ‘ಸುಣ್ಣವಷ್ಟೆ’ ಎಂದು ಮಡಿಸಿಡುತ್ತಾರೆ. ಭಾಷೆಯನ್ನು ಬೋಧಿಸಿ ಬದುಕುವ ನನಗೆ ಇವೆರಡೂ ಒಂದೇ ದೋಷವೆಂದು ತೋರುತ್ತದೆ: ವಾಕ್ಯ ಮುಗಿಯುವ ಮೊದಲೇ ಅರ್ಥವನ್ನು ನಿರ್ಣಯಿಸುವ ದೋಷ.

ಒಂದು ಭ್ರಮೆಯನ್ನು ಮೊದಲು ನಿವಾರಿಸಬೇಕು. ತಿಂದ ಎಲೆಯಡಿಕೆಯ ಸುಣ್ಣದಿಂದಾಗಲಿ, ಹಾಲು ರಾಗಿಗಳಿಂದಾಗಲಿ, ಕ್ಯಾಲ್ಸಿಯಂ ಮಾತ್ರೆಗಳಿಂದಾಗಲಿ ಈ ಕಣಗಳು ಹುಟ್ಟುವುದಿಲ್ಲ. ವಯಸ್ಸು, ಹಳೆಯ ಪೆಟ್ಟು, ಎಂದೋ ಆದ ಉರಿಯೂತ, ಗ್ರಂಥಿಗಳ ಸಹಜ ಮಾರ್ಪಾಡು, ಇವು ಬಿಟ್ಟುಹೋದ ಗುರುತುಗಳೇ ಬಹುಪಾಲು. ಐವತ್ತು ದಾಟಿದವರಲ್ಲಿ ಇವು ತೀರ ಸಾಮಾನ್ಯ. ನೋವಿಲ್ಲ, ಕೈಗೆ ಸಿಕ್ಕುವುದಿಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ಮಾತ್ರ ಕಾಣುತ್ತವೆ.

ಹಾಗಾದರೆ ವೈದ್ಯರು ನೋಡುವುದೇನನ್ನು? ಕಣದ ಗಾತ್ರ, ಆಕಾರ ಮತ್ತು ಅದರ ನೆರೆಹೊರೆ. ಜೋಳದ ಅರಳಿನಂತೆ ದಪ್ಪಗಿರುವುದು ಹಳೆಯ, ನಿರುಪದ್ರವಿಯಾದ ಗಂಟಿನ ಚಿಹ್ನೆ. ರೈಲುಕಂಬಿಯಂತೆ ಜೋಡಿಗೆರೆಯಾಗಿ ಸಾಗುವುದು ರಕ್ತನಾಳದ ಗೋಡೆ. ಸಂಶಯಕ್ಕೆ ಎಡೆಗೊಡುವುದು ಬೇರೊಂದು ಬಗೆ: ಅರ್ಧ ಮಿಲಿಮೀಟರಿಗೂ ಕಿರಿದಾಗಿ, ಒಂದರಂತೆ ಒಂದಿಲ್ಲದೆ, ಸ್ವಲ್ಪ ಜಾಗದಲ್ಲಿ ಗುಂಪುಗೂಡಿದವು, ಅಥವಾ ಕವಲೊಡೆದ ಗೆರೆಯಾಗಿ ಹರಡಿದವು. ಹಾಲಿನ ನಾಳದೊಳಗೆ ಜೀವಕೋಶಗಳು ಮಿತಿಮೀರಿ ಬೆಳೆದಾಗ ನಡುವಿನವು ಪೋಷಣೆಯಿಲ್ಲದೆ ಸಾಯುತ್ತವೆ. ಸತ್ತ ಆ ಕೋಶಗಳಲ್ಲಿ ಲವಣ ತಂಗಿ, ನಾಳದ ಕವಲನ್ನೇ ಅಚ್ಚೊತ್ತಿದಂತೆ ತೋರುತ್ತದೆ. ನಾಳದ ಗೋಡೆಯನ್ನು ಇನ್ನೂ ದಾಟದ ಕ್ಯಾನ್ಸರ್ ಬಹಳ ಸಲ ಮೊದಲು ಸುಳಿವು ಕೊಡುವುದು ಹೀಗೆ. ಅಂಥವೆಲ್ಲವೂ ಮುಂದೆ ಗೋಡೆ ದಾಟುತ್ತವೆಂದಲ್ಲ. ಆದರೆ ಯಾವುದು ದಾಟೀತೆಂದು ಮುಂಚೆಯೇ ಖಚಿತವಾಗಿ ಹೇಳಲು ಬಾರದು.

ಈ ಲಿಪಿಯನ್ನು ಓದಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಕತ್ತರಿಸಿ ತೆಗೆದ ಸುಮಾರು 3000 ಸ್ತನಗಳ ಕ್ಷ-ಕಿರಣ ಚಿತ್ರಗಳನ್ನು ಅಭ್ಯಸಿಸಿ, 1913ರಲ್ಲಿ ಆ ಚುಕ್ಕೆಗಳನ್ನು ದಾಖಲಿಸಿದನು. ಅವುಗಳ ಬೆಲೆ ಆಗ ಯಾರಿಗೂ ತಿಳಿಯಲಿಲ್ಲ. ಯಹೂದಿಯಾದ ಆತನ ವೃತ್ತಿಯನ್ನು 1933ರ ಬಳಿಕ ನಾಜಿಗಳು ಕಸಿದರು. ಚಿತ್ರಕಲಾವಿದೆಯಾದ ಆತನ ಮಗಳು ಶಾರ್ಲೊಟೆ 1943ರಲ್ಲಿ ಔಷ್‌ವಿಟ್ಸ್‌ನಲ್ಲಿ ಹತಳಾದಳು. ಉರುಗ್ವೆಯ ರಾವುಲ್ ಲೆಬೋರ್ನ್ ಈ ಕಣಗಳನ್ನು ಉಪ್ಪಿನ ನುಣ್ಣನೆಯ ಹರಳುಗಳಿಗೆ ಹೋಲಿಸಿ, ಕ್ಯಾನ್ಸರಿನೊಡನೆ ಅವಕ್ಕಿರುವ ನಂಟನ್ನು ಸ್ಪಷ್ಟಪಡಿಸಿದ್ದು 1950ರ ಆಸುಪಾಸಿನಲ್ಲಿ. 1993ರಲ್ಲಿ ಅಮೆರಿಕದ ವಿಕಿರಣ ವೈದ್ಯರ ಸಂಸ್ಥೆಯು ಇಂಥ ವರದಿಗಳಿಗೆ ‘ಬೈರಾಡ್ಸ್’ ಎಂಬ ಒಂದು ನಿಘಂಟನ್ನೇ ರೂಪಿಸಿತು. ಅದರಂತೆ ಸೊನ್ನೆಯೆಂದರೆ ಇನ್ನಷ್ಟು ಚಿತ್ರ ಬೇಕು. 2 ಎಂದರೆ ನಿರುಪದ್ರವಿ. 3 ಎಂದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಎರಡನ್ನು ಮೀರದು, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 5 ಎಂದರೆ ತೊಂಬತ್ತೈದಕ್ಕೆ ಕಡಿಮೆಯಿಲ್ಲ. ಇವೆರಡರ ನಡುವಣ ವಿಶಾಲವಾದ ಬಯಲೆಲ್ಲವೂ 4.

ನನ್ನ ಅಕ್ಕನ ವರದಿಯಲ್ಲಿ ಇದ್ದುದು ಈ ನಾಲ್ಕೇ. ‘ಸೂಜಿ ಚುಚ್ಚಿಸಿದರೆ ಇಲ್ಲದ ರೋಗ ಹರಡೀತು’ ಎಂದ ನೆರೆಯವರ ಮಾತನ್ನು ನಂಬಿ, ನಿವೃತ್ತ ಶಿಕ್ಷಕಿಯಾದ ಆಕೆ ಎರಡು ತಿಂಗಳು ಅದನ್ನು ಸೀರೆಗಳ ಅಡಿಯಲ್ಲಿ ಇಟ್ಟಿದ್ದಳು. ಹರಡುವ ಭಯದಿಂದ ಆ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಕೊನೆಗೆ ಒಪ್ಪಿ ಬಂದಳು. ಆ ಭಾಗವನ್ನಷ್ಟೆ ಜೋಮುಗೊಳಿಸಿ, ಚಿತ್ರದ ನೆರವಿನಿಂದ ಟೊಳ್ಳುಸೂಜಿಯಲ್ಲಿ ಎಳೆಯೆಳೆಯಾಗಿ ಮಾದರಿ ತೆಗೆದರು. ಕಣಗಳು ಅದರಲ್ಲಿ ಬಂದಿವೆಯೇ ಎಂದು ಮಾದರಿಗೂ ಕ್ಷ-ಕಿರಣ ಹಾಯಿಸಿದರು. ನಾಳದೊಳಗಿನ ಕ್ಯಾನ್ಸರೆಂದು ತಿಳಿಯಿತು. ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆ ಮುಗಿದು ಈಗ ವರ್ಷಕ್ಕೊಮ್ಮೆ ತಪ್ಪದೆ ಹೋಗಿಬರುತ್ತಾಳೆ. ಅಂದು ಪಕ್ಕದ ಕುರ್ಚಿಯಲ್ಲಿ ಅದೇ ನಾಲ್ಕನ್ನು ಹಿಡಿದು ಕುಳಿತಿದ್ದಾಕೆಯ ಮಾದರಿಯಲ್ಲಿ ಯಾವ ದೋಷವೂ ಇರಲಿಲ್ಲ. ಸಂಖ್ಯೆ ಒಂದೇ, ಅರ್ಥ ಎರಡು. ಪರೀಕ್ಷೆಯ ಹೊರತು ಅದನ್ನು ಬಿಡಿಸಬಲ್ಲವರು ಯಾರೂ ಇರಲಿಲ್ಲ.

ಆದುದರಿಂದ ವರದಿ ಬಂದಾಗ ವೈದ್ಯರನ್ನು ಕೇಳಬೇಕಾದುದು ಇಷ್ಟೆ: ಕಣಗಳ ಆಕಾರವೇನು, ಅವು ಹರಡಿರುವ ಬಗೆ ಯಾವುದು, ವರ್ಗ ಎಷ್ಟು, ಹಿಂದಿನ ಚಿತ್ರಕ್ಕಿಂತ ಹೆಚ್ಚಿವೆಯೆ? ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಕೊಂಡೊಯ್ಯಬೇಕು. ಪರೀಕ್ಷೆಯ ದಿನ ಎದೆಗೂ ಕಂಕುಳಿಗೂ ಪೌಡರ್ ಹಚ್ಚಬಾರದು. ಅದೂ ಕಣಗಳಂತೆಯೇ ತೋರಿ ಮೋಸಮಾಡೀತು. ಕೈಗೆ ಗಂಟು ಸಿಕ್ಕಿದರಂತೂ ಚಿತ್ರ ಏನೇ ಹೇಳಲಿ, ವೈದ್ಯರಿಗೆ ತೋರಿಸಲೇಬೇಕು. ಮನೆಯವರ ಪಾಲಿನ ಕೆಲಸವೂ ಒಂದುಂಟು: ವರದಿಯನ್ನು ಆಕೆಯೊಬ್ಬಳೇ ಓದಿಕೊಳ್ಳಲಿ ಎಂದು ಬಿಡದೆ, ಪಕ್ಕದಲ್ಲಿ ಕುಳಿತು ಕಡೆಯ ಸಾಲಿನವರೆಗೂ ಜೊತೆಗೆ ಓದುವುದು.